ಒರಳುಕಲ್ಲಿನ ಮೇಲೆ ಕೂತ ಸ್ಕೂಲು

ಬೆಟ್ಟಗಳಿಗಿನ್ನೂ ಯಾರೂ ಹೆಸರಿಟ್ಟಿರದ ಕಾಲದಲ್ಲಿ ಒಂದೂರಿನ ಒಂದು ಮನೆಗೆ ಕಾಲು ಬಂತಂತೆ. ಇಲ್ಲಿ ಹೂಂ ಅನ್ನಬೇಕು. ನಮ್ಮಜ್ಜಿ ಕಥೆ ಶುರು ಮಾಡಿದರೆ ಎದುರಿಗೆ ಕೂತವರು ಹೂಂ ಅನ್ನಲೇಬೇಕಿತ್ತು, ಅನ್ನದಿದ್ದರೆ ಅವಳು ಕಥೆಯನ್ನು ಅಲ್ಲೇ ನಿಲ್ಲಿಸಿ ಒರಳಿಗೆ ಇನ್ನೊಂದು ಹಿಡಿ ಅಕ್ಕಿ ಹಾಕಿ ಸುಮ್ಮನೆ ರುಬ್ಬುತ್ತಿದ್ದಳು. ಆ ಮನೆ ಬೆಳಿಗ್ಗೆ ಒಂದು ಕಡೆ ಇದ್ದರೆ ಸಂಜೆ ಇನ್ನೊಂದು ಕಡೆ ಇರುತ್ತಿತ್ತಂತೆ. ಹೂಂ. ಒಳಗಿದ್ದವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲವಂತೆ, ಒಲೆಯ ಮೇಲಿನ ಹಾಲು ಕೂಡ ತುಳುಕುತ್ತಿರಲಿಲ್ಲವಂತೆ. ಹೂಂ. ಒಂದು ದಿನ ದಾರಿ ತಪ್ಪಿದ ಹುಡುಗಿಯೊಬ್ಬಳು ಆ ಮನೆಯ ಬಾಗಿಲಿಗೆ ಬಂದಳಂತೆ, ಒಳಗೆ ಹೋಗಿ ಕೂತಳಂತೆ. ಅಷ್ಟೇ, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಅವಳು ತನ್ನ ಮನೆಗೆ ವಾಪಸ್ ಬಂದಳಾ ಅಂತ ನಾನು ಪ್ರತಿ ಸಲವೂ ಕೇಳುತ್ತಿದ್ದೆ. ಕೂತಳು ಅಂದೆನಲ್ಲ ಅಂತ ಅಜ್ಜಿ ಪ್ರತಿ ಸಲವೂ ಹೇಳುತ್ತಿದ್ದಳು. ನನ್ನ ತಂಗಿ ಹೊನ್ನಿ ಏನನ್ನೂ ಕೇಳುತ್ತಿರಲಿಲ್ಲ. ಅವಳು ಹೂಂ ಅನ್ನುವವಳು.

ಹೊನ್ನಿ ನನಗಿಂತ ತುಂಬ ಚಿಕ್ಕವಳು. ಅವಳ ಬಾಯಿಂದ ಬೇರೆ ಮಾತು ಬಂದದ್ದು ಕಮ್ಮಿ. ಹಸಿವಾದರೆ ತಟ್ಟೆ ತಂದು ಅಮ್ಮನ ಮುಂದಿಡುತ್ತಿದ್ದಳು. ಬಡಿಸಿದ ಅನ್ನ ಬಿಸಿಯಿದ್ದರೆ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅದರ ಮುಂದೆ ನಿಂತಿರುತ್ತಿದ್ದಳು, ಪೂರ್ತಿ ಆರಿದ ಮೇಲೆಯೇ ಊಟ. ಆದರೆ ಅಜ್ಜಿ ರುಬ್ಬಲು ಕೂತರೆ ಎಲ್ಲಿದ್ದರೂ ಓಡಿ ಬಂದು, ಗುಂಡು ಹಿಡಿದ ಅಜ್ಜಿಯ ಕೈಮೇಲೆ ತನ್ನ ಕೈಯಿಟ್ಟು, ಎಲ್ಲಿ ಹೂಂ ಅನ್ನಬೇಕೋ ಅಲ್ಲಿ ಸರಿಯಾಗಿ ಅನ್ನುತ್ತಿದ್ದಳು. ನಾನು ಹೂಂಗುಟ್ಟಿದರೆ ಅಜ್ಜಿಗೆ ಹಿಡಿಸುತ್ತಿರಲಿಲ್ಲ. ನೀನು ಕಥೆಗಿಂತ ಮುಂದೆ ಓಡ್ತೀಯ ವನಿ, ಅವಳು ಕಥೆ ಜೊತೆಗೇ ಬರ್ತಾಳೆ ಅನ್ನುತ್ತಿದ್ದಳು. ಅಜ್ಜಿಯ ಮಣಿಕಟ್ಟು ಸೋತು ಮನೆಗೆ ಮಿಕ್ಸಿ ಬಂದಾಗ ಒರಳನ್ನು ಹಿತ್ತಿಲಿಂದ ಉರುಳಿಸಿಕೊಂಡು ಹೋಗಿ ರೇವಣ್ಣನ ಹಿಟ್ಟಿನ ಗಿರಣಿಯ ಪಕ್ಕದ ಖಾಲಿ ಜಾಗದಲ್ಲಿ ಬಿಟ್ಟರು. ಗುಂಡನ್ನು ಯಾರೋ ಒಯ್ದರು. ಒರಳು ಮಳೆಗೆ ಅರ್ಧ ಮಣ್ಣಲ್ಲಿ ಹೂತುಹೋಯಿತು. ಹೊನ್ನಿ ಚಿಕ್ಕ ಸ್ಕೂಲಿಗೆ ಹೋಗುವ ದಾರಿ ಅದೇ. ಮನೆಯಿಂದ ಹೊರಟು ಗಿರಣಿಯ ಗೋಡೆಗೆ ಅಂಗೈ ಸವರಿಕೊಂಡು, ಬೆಲ್ಟಿನ ಸದ್ದಿಗೆ ಮೂಗಲ್ಲೇ ಗುಂಯ್ ಅಂದುಕೊಂಡು ಬಂದು, ಒರಳಿನ ಗುಳಿಯಲ್ಲಿ ಕೈಯಿಟ್ಟು ತಿರುಗಿಸಿ, ಆಮೇಲೆ ಸ್ಕೂಲು. ಸ್ಕೂಲಿದ್ದ ಒಂದು ದಿನವೂ ಇದು ತಪ್ಪಲಿಲ್ಲ. ಅಜ್ಜಿ ಸತ್ತ ದಿನವೂ ತಪ್ಪಲಿಲ್ಲ. ಹೂಂ ಅನ್ನುವುದು ಮಾತ್ರ ಅವತ್ತಿಗೆ ನಿಂತುಹೋಯಿತು.

ನಮ್ಮೂರಲ್ಲಿ ಚಿಕ್ಕ ಸ್ಕೂಲು ಇದ್ದಲ್ಲೇ ಇರುತ್ತದೆ. ಹೈಸ್ಕೂಲುಗಳು ಎದ್ದು ಹೋಗುತ್ತವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ, ಮನೆಗೆ ಹೋಗುವವರೆಲ್ಲ ಹೊಸಿಲು ದಾಟಿದ ಮೇಲೆ, ಮೈ ಕೊಡವಿಕೊಂಡು ಎದ್ದು ಬೇರೆಲ್ಲೋ ಹೋಗಿ ಕೂರುತ್ತವೆ. ಬೆಳಿಗ್ಗೆ ಮಹಡಿ ಮೇಲೆ ಬಟ್ಟೆ ಹಾಕಲು ಹೋದ ಹೆಂಗಸರು ಎಲ್ಲಿ ಕೂತಿದೆ ಅಂತ ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ. ಚುರುಮುರಿ ಗಾಡಿಯವರು ಹಾಲಿನವರನ್ನು ಕೇಳಿಕೊಂಡು ಆ ಕಡೆ ತಳ್ಳುತ್ತಾರೆ. ಯಾರ ಮನೆಯ ಮುಂದೆ ಸ್ಕೂಲು ಕೂತಿತೋ ಅವರ ಸಂಡಿಗೆಗೆ ಅವತ್ತು ಬಿಸಿಲಿಲ್ಲ. ಸ್ಕೂಲು ಕೂರುವಾಗ ಕೆಳಗಿದ್ದದ್ದು ನೆಲ ಸೀಳಿಕೊಂಡು ಒಳಗೆ ಬರುತ್ತದೆ. ಕಾರಿಡಾರಿನಲ್ಲಿ ತುಳಸಿಕಟ್ಟೆ, ಸ್ಟಾಫ್ ರೂಮಿನಲ್ಲಿ ಬೋರ್‌ವೆಲ್ ಪಂಪು. ನಟ್ಟನಡುವೆ ಸಿಕ್ಕಿದ್ದನ್ನು ಏಳುವಾಗ ಕಿತ್ತುಕೊಂಡೇ ಹೋಗುತ್ತದೆ, ಅಂಚಿನಲ್ಲಿದ್ದದ್ದು ಉಳಿಯುತ್ತದೆ. ಹೀಗಾಗಿ ನಮ್ಮೂರಲ್ಲಿ ಮೈಲಿಗಲ್ಲುಗಳೇ ಇಲ್ಲ. ಊರಿಗೆ ಬಂದವರು ಇದನ್ನೆಲ್ಲ ನೋಡಿ ಬಾಯಿ ಬಿಡುತ್ತಾರೆ, ನಮಗೆ ಅವರ ಬಾಯಿ ನೋಡಿದರೇ ಸೋಜಿಗ.

ಏಳನೇ ಕ್ಲಾಸು ಮುಗಿಸಿದ ಮಗು ಹೈಸ್ಕೂಲಿಗೆ ಸೇರಬೇಕಾದರೆ ಸೇರುವ ದಿನ ತಾನೇ ಹುಡುಕಿಕೊಂಡು, ಮೊದಲ ಬೆಲ್ಲಿಗೆ ಮುಂಚೆ, ಒಂಟಿಯಾಗಿ ಒಳಗೆ ಬರಬೇಕು. ದೊಡ್ಡವರು ಕೈಹಿಡಿದು ತರುವಂತಿಲ್ಲ. ನಾನು ಹೀಗೇ ಬಂದು ಸೇರಿದವಳು. ನಮ್ಮೂರಿನ ಮೂರು ಹೈಸ್ಕೂಲುಗಳಲ್ಲಿ ಒಂದಾದ ಗಡಿಯಾರದ ಸ್ಕೂಲನ್ನು ಹುಡುಕಿ ಹೋದ ಬೆಳಿಗ್ಗೆ ನನಗೆ ಊರೆಲ್ಲ ನನ್ನದೇ ಅನ್ನಿಸಿತ್ತು. ಅದು ಕಷ್ಟದ ಕೆಲಸ ಅಂತಲೂ ಅವತ್ತು ಗೊತ್ತಾಗಿರಲಿಲ್ಲ.

ಹುಡುಕಲಾರದ ಮಕ್ಕಳು ಏನಾಗುತ್ತಾರೆ ಅನ್ನುವುದಕ್ಕೆ ನಮ್ಮ ಹಿಂದಿನ ಬೀದಿಯ ಗುರುಸಿದ್ದನಿದ್ದ. ನಾನು ಹುಟ್ಟುವ ಮೊದಲೇ ಅವನು ಯಾವ ಸ್ಕೂಲಿಗೂ ಸೇರಲಾಗದೆ ಉಳಿದವನು. ಈಗ ಮೀಸೆ ಬಂದು ಅದರಲ್ಲಿ ಬಿಳಿ ಕೂದಲೂ ಬಂದಿದೆ. ದಿನವೆಲ್ಲ ಮನೆಯ ಜಗುಲಿಯಲ್ಲಿ ಕೂತಿರುತ್ತಾನೆ. ಕಾಲಿನ ಹರಡಿಗೆ ಹಳೇ ಸೀರೆಯ ಅಂಚು, ಅದರ ಇನ್ನೊಂದು ತುದಿ ಕಂಬಕ್ಕೆ. ಹಗ್ಗವಾದರೆ ಚರ್ಮ ಸುಲಿಯುತ್ತದೆ ಅಂತ ಅವನ ತಾಯಿ ಮೆತ್ತನೆಯ ಸೀರೆಯನ್ನೇ ಹುಡುಕಿ ಕಟ್ಟುತ್ತಾಳೆ. ಆ ಹೆಂಗಸನ್ನು ಕೆಟ್ಟವಳೆಂದು ಯಾರೂ ಅನ್ನುವುದಿಲ್ಲ. ಅವಳಿಗೂ ಮನೆಗೆಲಸಕ್ಕೆ ಹೋಗಬೇಕಲ್ಲ. ಹೊನ್ನಿ ಏಳನೇ ಕ್ಲಾಸಿಗೆ ಬಂದ ವರ್ಷ ಒಂದು ದಿನ ಟ್ರಂಕಿನಲ್ಲಿ ಏನೋ ಹುಡುಕುತ್ತಿದ್ದಾಗ ಅಮ್ಮನ ನೀಲಿ ವಾಯಿಲ್ ಸೀರೆ ಸಿಕ್ಕಿತು. ಉದ್ದಕ್ಕೆ ಹರಿದು, ಅಂಚು ಹೊಲಿದು, ಸುರುಳಿ ಸುತ್ತಿ ಇಟ್ಟಿದ್ದಳು. ನಾನು ಅದನ್ನು ಇದ್ದ ಹಾಗೇ ಇಟ್ಟು ಟ್ರಂಕು ಮುಚ್ಚಿದೆ.

ಅಜ್ಜಿ ಸಾಯುವ ಮುಂಚೆ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅಪ್ಪ ಬಹಳ ಹಿಂದೆಯೇ ತೀರಿಕೊಂಡಿದ್ದ. ಅಮ್ಮ ಯೂನಿಫಾರಂ ಹೊಲಿದು ಮನೆ ನಡೆಸುತ್ತಿದ್ದಳು, ಅವಳಿಗೆ ಕನಸು ಕಾಣಲು ಪುರುಸೊತ್ತಿರಲಿಲ್ಲ. ಹಾಗಾಗಿ ಕೇಳಿದ್ದು ನನ್ನನ್ನು. "ದೊಡ್ಡ ಸ್ಕೂಲಲ್ಲಿ ಅವಳಿಗೊಂದು ಜಾಗ ನೋಡಿ ಕೂರಿಸು ಮಗಾ. ಜಗುಲೀಲಿ ಕೂರಿಸಬೇಡ." ನಾನು ಆಗಲಿ ಅಂದೆ. ಅಜ್ಜಿಯ ಕಥೆಗಳಲ್ಲಿ ಮಾತು ಕೊಟ್ಟವರೆಲ್ಲ ಏಳು ಕೆರೆ ದಾಟಿಯಾದರೂ ಅದನ್ನು ಮುಗಿಸಿ ಬರುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲು ಹೊನ್ನಿಗೆ ಹುಡುಕುವುದನ್ನು ಕಲಿಸಲು ಹೋದೆ. ಬೇಸಿಗೆಯಲ್ಲಿ ಬೇರೆ ಬೀದಿಯಿಂದ ಕರೆದುಕೊಂಡು ಹೊರಟರೆ ಅವಳು ರಸ್ತೆಯಲ್ಲೇ ಮಲಗಿ ತನ್ನ ಮುಂಗೈಯನ್ನು ತಾನೇ ಕಚ್ಚಿಕೊಂಡಳು. ಕೈಯ ಗಾಯ ಮಾಯುವ ತನಕ ಮನೆಯಿಂದ ಹೊರಗೆ ಬರಲಿಲ್ಲ. ಅಮ್ಮ ಅರಿಶಿನ ಹಚ್ಚುತ್ತಾ, ಬಿಟ್ಟುಬಿಡೇ, ಅವಳನ್ನೂ ನಿನ್ನಂಗೆ ಮಾಡಬೇಡ ಅಂದಳು.

ಹಾಗಾದರೆ ಹೋಗಿ ಕೇಳಿಯೇ ಬಿಡೋಣ ಅಂತ ಮೇ ತಿಂಗಳ ಕೊನೆಗೆ ಗಡಿಯಾರದ ಸ್ಕೂಲಿಗೆ ಹೋದೆ. ಅವತ್ತು ಅದು ಕುಂಬಾರರ ಕೇರಿಯ ಭಟ್ಟಿಗಳ ನಡುವೆ ಕೂತಿತ್ತು, ಕಿಟಕಿಗಳೆಲ್ಲ ಹೊಗೆ. ಹೆಡ್‌ಮಾಸ್ಟರು ನನ್ನನ್ನು ಗುರುತಿಸಿದರು, ಕೂರಿಸಿ ಟೀ ಕೊಟ್ಟರು. ತಂಗಿಯ ವಿಷಯ ಹೇಳಿದೆ. ದಿನಾ ನಾನೇ ಕರೆತಂದು ಬಿಡುತ್ತೇನೆ, ಹೊಸ ದಾರಿಗೆ ಹೆದರದ ಹಾಗೆ ಕಣ್ಣಿಗೆ ಬಟ್ಟೆ ಕಟ್ಟಿ ಗಾಡಿಯಲ್ಲಿ ತರುತ್ತೇನೆ, ಹೇಗೋ ಮಾಡುತ್ತೇನೆ ಅಂದೆ. ಅವರು ಬೇಸರದಿಂದಲೇ ತಲೆಯಾಡಿಸಿದರು. "ನಮಗೇನೂ ತೊಂದರೆ ಇಲ್ಲ ಕಣಮ್ಮ. ಮಗೂಗೇ ಕಷ್ಟ ಆಗುತ್ತೆ" ಅಂದರು. ಕರೆತಂದು ಬಿಟ್ಟರೆ ಅದು ಹೈಸ್ಕೂಲು ಹೇಗಾಗುತ್ತದೆ, ಉಳಿದ ಮಕ್ಕಳ ತಂದೆತಾಯಿಗಳಿಗೆ ನಾನು ಏನು ಹೇಳಲಿ ಅಂತ ನನ್ನನ್ನೇ ಕೇಳಿದರು. ಆ ಪ್ರಶ್ನೆಗೆ ನಾನು ಉತ್ತರ ಹುಡುಕುತ್ತಾ ಕೂತೆ. ನೋಡಿದರೆ ಟೀ ಮುಗಿದಿತ್ತು. ಮಾತಾಡುವಾಗೆಲ್ಲ ಅವರು ಎಷ್ಟು ಮೃದುವಾಗಿದ್ದರೆಂದರೆ ಹೊರಗೆ ಬಂದ ಮೇಲೂ ಬಹಳ ಹೊತ್ತು ಅವರು ಒಪ್ಪಿಕೊಂಡಿದ್ದಾರೆ ಅನ್ನಿಸುತ್ತಿತ್ತು.

ಕೆಂಪು ಸ್ಕೂಲಿನಲ್ಲಿ ಇಂಥ ಮಕ್ಕಳಿಗೆ ಅಂತಲೇ ಬೇರೆ ಕೋಣೆಯಿದೆ ಎಂದು ಯಾರೋ ಹೇಳಿದರು. ಗೋಡೆಯ ಮೇಲೆ ದೊಡ್ಡದಾಗಿ ಬರೆಸಿಯೂ ಇದ್ದರು. ಅಲ್ಲಿನ ಗುಮಾಸ್ತ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಕೋಣೆ ಇದೆ, ಒಳ್ಳೇ ಕೋಣೆ, ಹುಡುಕಿಕೊಂಡು ಬರಬೇಕು ಅನ್ನೋ ನಿಯಮಾನೂ ಅದಕ್ಕಿಲ್ಲ ಅಂದ. ನನ್ನ ಎದೆ ಹಗುರಾಯಿತು. ನೋಡಬಹುದಾ ಅಂದೆ. ಅವನು ಎದ್ದು ಕಿಟಕಿಯಿಂದ ದೂರಕ್ಕೆ ಕಣ್ಣು ಕಿರಿದು ಮಾಡಿ ನೋಡಿದ.

"ಹಿಂದೆ ಬರ್ತಾ ಇದೆ" ಅಂದ.

ಸ್ಕೂಲು ಎದ್ದಾಗ ಆ ಕೋಣೆ ಅದರ ಜೊತೆ ಏಳುವುದಿಲ್ಲವಂತೆ. ಬೇರೆ ಕಟ್ಟಿಸಿದ್ದಲ್ಲವಾ, ಅದರ ನಡಿಗೆಯೇ ನಿಧಾನವಂತೆ. ಅದು ಬಂದು ಸೇರುವ ಹೊತ್ತಿಗೆ ಸ್ಕೂಲು ಮತ್ತೆ ಎದ್ದಿರುತ್ತದೆ. ಇಲ್ಲಿ ತನಕ ಒಂದು ಸಲವೂ ಸೇರಿಲ್ಲವಾ ಅಂತ ಕೇಳಿದೆ. ಸೇರುತ್ತಮ್ಮ, ಆದೇಶ ಆಗಿದೆ ಅಂದ. ನಾನು ಅದನ್ನು ಹುಡುಕಿಕೊಂಡು ಹೋದೆ. ಊರಾಚೆಯ ಒಣಗಿದ ಕೆರೆಯಲ್ಲಿ ಓರೆಯಾಗಿ ನಿಂತಿತ್ತು. ಒಳಗೆ ಹೊಸ ಬೆಂಚುಗಳು, ಗೋಡೆಗೆ ಹಣ್ಣುಗಳ ಬಣ್ಣದ ಚಿತ್ರ. ಕೆಲವು ಮಕ್ಕಳು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಟೀಚರು ಸ್ಕೂಲಿನ ಜೊತೆ ಹೋಗುತ್ತಾರೆ, ಹಾಗಾಗಿ ಇಲ್ಲಿ ಟೀಚರಿರಲಿಲ್ಲ. ದಪ್ಪ ಕನ್ನಡಕದ ಹುಡುಗಿಯೊಬ್ಬಳು ನನ್ನನ್ನು ನೋಡಿ, "ಸ್ಕೂಲು ಬಂತಾ ಅಕ್ಕ?" ಅಂದಳು. ಬರುತ್ತೆ ಅಂದೆ. ಅಷ್ಟು ಹೇಳಿ, ತಿರುಗಿ ನೋಡದೆ ಕೆರೆಯ ಏರಿ ಹತ್ತಿದೆ.

ಇನ್ನು ಮೂರನೆಯದು ಒಂದಿತ್ತು, ಕಲ್ಲಿನ ಸ್ಕೂಲು. ಅದನ್ನು ಊರವರು ರಜಾ ಸ್ಕೂಲು ಅಂತಲೇ ಕರೆಯುವುದು. ಒಂದೊಂದು ಸಲ ಬೆಟ್ಟಗಳಾಚೆ ಹೋಗಿಬಿಟ್ಟರೆ ತಿಂಗಳುಗಟ್ಟಲೆ ಕಣ್ಣಿಗೆ ಬೀಳದು. ಅದರ ಮಕ್ಕಳಿಗೆ ಅಷ್ಟು ದಿನವೂ ರಜಾ. ಎಲ್ಲೂ ಸಿಗದವರು ಅಲ್ಲಿಗೆ ಸೇರಿ, ಹಾಗೇ ಬಿಟ್ಟೂ ಬಿಡುತ್ತಿದ್ದರು. ಅದರ ಹೆಡ್‌ಮಿಸ್ಸನ್ನು ನಮ್ಮ ವಯಸ್ಸಿನವರು ಯಾರೂ ಹೊರಗೆ ನೋಡಿದ್ದಿಲ್ಲ. ಅದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ.

ನನಗೆ ಹೊಳೆದದ್ದು ರಂಗೋಲಿ. ಮಕ್ಕಳು ಹೈಸ್ಕೂಲಿಗೆ ಸೇರುವ ವರ್ಷ ನಮ್ಮೂರಿನವರು ಮನೆ ಹತ್ತಿರದ ಖಾಲಿ ಜಾಗ ಗುಡಿಸಿ, ಸಗಣಿ ನೀರು ಹಾಕಿ, ದೊಡ್ಡ ರಂಗೋಲಿ ಬಿಡುತ್ತಾರೆ. ಚೊಕ್ಕಟವಾದ ಜಾಗ ಕಂಡರೆ ಸ್ಕೂಲು ಕೂರುತ್ತದೆ ಅಂತ ನಂಬಿಕೆ. ಇದಕ್ಕೆ ಜಗಳಗಳೂ ಆಗಿವೆ, ಒಬ್ಬರ ರಂಗೋಲಿಗೆ ಇನ್ನೊಬ್ಬರು ಬೂದಿ ಎರಚಿದ್ದೂ ಇದೆ. ನನ್ನ ಲೆಕ್ಕ ಸುಲಭವಾಗಿತ್ತು. ಹೊನ್ನಿ ಸ್ಕೂಲನ್ನು ಹುಡುಕಿಕೊಂಡು ಹೋಗಲಾರಳು. ಆದರೆ ಸೇರುವ ದಿನ ಸ್ಕೂಲೇ ಅವಳ ದಾರಿಗೆ ಬಂದು ಕೂತರೆ? ಗಿರಣಿ ಗೋಡೆ ಸವರಿಕೊಂಡು ಅವಳು ದಿನದ ಹಾಗೆ ಒರಳಿನ ತನಕ ಒಂಟಿಯಾಗಿಯೇ ಬರುತ್ತಾಳೆ. ಅಲ್ಲಿಂದ ಎರಡು ಹೆಜ್ಜೆಗೆ ಸ್ಕೂಲಿನ ಬಾಗಿಲು. ಬೆಲ್ಲಿಗೆ ಮುಂಚೆ ಒಳಗೆ ಕಾಲಿಟ್ಟರೆ ಗಡಿಯಾರದ ಸ್ಕೂಲಿನವರೂ ಇಲ್ಲ ಅನ್ನುವಂತಿಲ್ಲ. ಮಾರನೇ ದಿನದ್ದು ಮಾರನೇ ದಿನಕ್ಕೆ. ಇದನ್ನು ಹೇಳಿದಾಗ ಅಮ್ಮ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿ, ನಿಮ್ಮಜ್ಜಿ ನಿನ್ನ ತಲೆ ಕೆಡಿಸಿದಳು ಅಂದಳು. ರಂಗೋಲಿ ಪುಡಿಗೆ ಕಾಸು ಮಾತ್ರ ಕೊಟ್ಟಳು.

ದಿನಾ ಬೆಳಗಾಗುವ ಮುಂಚೆ ಗಿರಣಿ ಪಕ್ಕದ ಜಾಗ ಗುಡಿಸಿದೆ. ಪಾರ್ಥೇನಿಯಂ ಕಿತ್ತೆ, ಗಾಜಿನ ಚೂರು ಹೆಕ್ಕಿದೆ. ರೇವಣ್ಣ ಗಿರಣಿಯ ಶಟರು ಎತ್ತುತ್ತಾ, ಸ್ಕೂಲಿಗೆ ಆರತಿನೂ ಎತ್ತೀಯೇನವ್ವ, ಹೇಳು, ತಟ್ಟೆ ನಾನು ಕೊಡ್ತೀನಿ ಅಂತ ರೇಗಿಸುತ್ತಿದ್ದ. ನಾನು ನಗುತ್ತಿದ್ದೆ. ಆ ದಿನಗಳಲ್ಲಿ ನನಗೆ ಬಹಳ ಆಸೆಯಿತ್ತು. ಸೇರುವ ದಿನದ ಹಿಂದಿನ ಸಂಜೆ ಇಡೀ ಜಾಗ ತುಂಬುವ ಹಾಗೆ ಒಂದು ರಂಗೋಲಿ ಬಿಟ್ಟೆ. ಎಸಳಿನ ಮೇಲೆ ಎಸಳು, ಅದರ ಸುತ್ತ ಬಳ್ಳಿ. ಎಲ್ಲದಕ್ಕೂ ನಡುವೆ ಒಂದು ದೊಡ್ಡ ಚುಕ್ಕಿ ಬೇಕಿತ್ತು. ಅಜ್ಜಿಯ ಒರಳನ್ನೇ ಚುಕ್ಕಿ ಮಾಡಿಕೊಂಡೆ. ಅದರ ಅಂಚಿಗೆ ಕೆಮ್ಮಣ್ಣು ಹಚ್ಚಿ, ಗುಳಿಯಲ್ಲಿ ಒಂದು ದಾಸವಾಳ ಇಟ್ಟೆ. ದೂರ ನಿಂತು ನೋಡಿದಾಗ ಇಷ್ಟು ಚೆಂದದ ಜಾಗ ಬಿಟ್ಟು ಸ್ಕೂಲು ಎಲ್ಲಿಗೆ ತಾನೇ ಹೋದೀತು ಅನ್ನಿಸಿತು.

ಬೆಳಿಗ್ಗೆ ಮಹಡಿಯಿಂದ ಯಾರೋ ಕೂಗಿದರು, ಗಿರಣಿ ಪಕ್ಕ ಒಂದು ಕೂತಿದೆ. ನಾನು ಬರಿಗಾಲಲ್ಲಿ ಓಡಿದೆ. ಕೂತಿತ್ತು. ಗಡಿಯಾರವಿಲ್ಲ, ಕೆಂಪು ಬಣ್ಣವಿಲ್ಲ. ಪಾಚಿಗಟ್ಟಿದ ಕಲ್ಲಿನ ಗೋಡೆ, ಕಿಟಕಿಗೆ ಕಟ್ಟಿದ ಹಳೇ ಪರದೆ. ರಜಾ ಸ್ಕೂಲು. ನನ್ನ ಎಸಳುಗಳನ್ನೆಲ್ಲ ಮುಚ್ಚಿ, ಸರಿಯಾಗಿ ನಡುವಿನ ಚುಕ್ಕಿಯ ಮೇಲೇ ಕೂತಿತ್ತು.

ಹೊನ್ನಿ ಗಿರಣಿಯ ಗೋಡೆ ಸವರಿಕೊಂಡು ಬಂದಳು. ಗೋಡೆ ಮುಗಿಯಿತು. ಮುಂದೆ ಕೈಗೆ ಬೇರೆ ಕಲ್ಲು ಸಿಕ್ಕಿತು. ಅವಳು ನಿಂತಳು. ಒರಳು ಇರಬೇಕಾದ ಕಡೆ ಗೋಡೆಯಿತ್ತು. ಅವಳ ಗಂಟಲಿನಿಂದ ಒಂದು ಸದ್ದು ಬಂತು, ಗಿರಣಿಯ ಬೆಲ್ಟು ಜಾರಿದಾಗ ಬರುತ್ತದಲ್ಲ, ಹಾಗೆ. ನಾನು ಹತ್ತಿರ ಹೋದರೆ ತಳ್ಳಿದಳು. ಹಣೆಯನ್ನು ಗೋಡೆಗೆ ಬಡಿಯಲು ಶುರು ಮಾಡಿದಳು. ರೇವಣ್ಣ ಗಿರಣಿ ನಿಲ್ಲಿಸಿ ಓಡಿ ಬಂದ. ಆ ಸದ್ದೂ ನಿಂತದ್ದಕ್ಕೆ ಅವಳಿಗೆ ಇನ್ನೂ ದಿಕ್ಕೇ ತಪ್ಪಿತು. ನಾನು ಹಣೆಗೂ ಗೋಡೆಗೂ ನಡುವೆ ನನ್ನ ಅಂಗೈ ಇಟ್ಟು ನಿಂತೆ. ಆಮೇಲೆ ಅವಳು ಬಡಿಯುವುದನ್ನು ಬಿಟ್ಟು, ಗೋಡೆಗೆ ಕೈ ಸವರಿಕೊಂಡು ಹೊರಟಳು. ಮೂಲೆ ತಿರುಗಿದಳು, ಇನ್ನೊಂದು ಮೂಲೆ ತಿರುಗಿದಳು. ಬಾಗಿಲು ಸಿಕ್ಕಿತು. ಒಳಗೆ ಹೋದಳು.

ನಾನು ಹಿಂದೆ ಹೋಗುವಷ್ಟರಲ್ಲಿ ಅವಳಿಗೆ ಒರಳು ಸಿಕ್ಕಿತ್ತು. ಖಾಲಿ ಕ್ಲಾಸಿನ ನಡುವೆ, ಎರಡು ಬೆಂಚುಗಳ ಮಧ್ಯೆ ಸಿಮೆಂಟು ನೆಲ ಸೀಳಿಕೊಂಡು ಎದ್ದಿತ್ತು. ದಾಸವಾಳ ಹಾಗೇ ಇತ್ತು. ಹೊನ್ನಿ ಅದನ್ನು ತೆಗೆದು ಪಕ್ಕಕ್ಕಿಟ್ಟು ಗುಳಿಯಲ್ಲಿ ಕೈ ತಿರುಗಿಸುತ್ತಿದ್ದಳು. ಆಗ ಮೊದಲ ಬೆಲ್ಲು ಹೊಡೆಯಿತು. ಬೆಲ್ಲಿನ ಕೋಲು ಕೈಯಲ್ಲೇ ಹಿಡಿದು ಹೆಡ್‌ಮಿಸ್ಸು ಬಂದರು. ಸರ್ವಮಂಗಳಮ್ಮ ಅಂತ ಹೆಸರು. ಕುಳ್ಳಗೆ, ದಪ್ಪಗೆ, ಬಿಸಿಲೇ ಕಾಣದ ಬಿಳಿಚು ಮುಖ. ಯಾರು ಕರೆತಂದದ್ದು ಅಂತ ಕೇಳಿದರು. ಯಾರೂ ಇಲ್ಲ, ಅವಳೇ ಬಂದಳು ಅಂದೆ. "ಹಾಗಾದ್ರೆ ನನ್ನ ಹುಡುಗಿ" ಅಂದವರು, ಬೇರೇನೂ ಕೇಳದೆ ಹೆಸರು ಬರೆದುಕೊಂಡರು. ರಜಾ ಸ್ಕೂಲಾದರೇನಂತೆ, ಸ್ಕೂಲೇ ತಾನೇ. ಓಡಿ ಹೋಗಿ ಅಮ್ಮನಿಗೆ ಹೇಳಿ ಬಂದೆ. ಅಮ್ಮ ಹೊಲಿಗೆ ಮೆಷಿನಿನ ಮೇಲೆ ತಲೆಯಿಟ್ಟು ಅತ್ತಳು. ಮಧ್ಯಾಹ್ನದವರೆಗೆ ನನ್ನಷ್ಟು ಸುಖಿ ಊರಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನ ರೇವಣ್ಣ ಕಿಟಕಿಯಲ್ಲಿ ಇಣುಕಿ ನೋಡಿ, ತಲೆ ಕೆರೆದುಕೊಂಡು, ಹೇಳಲೋ ಬೇಡವೋ ಅನ್ನುವ ಹಾಗೆ ಹೇಳಿದ. "ನಟ್ಟನಡುವೆ ಬಂದೈತಲ್ಲವ್ವ. ನಿಮ್ಮಜ್ಜಿ ಒರಳು ಹೋಯ್ತು ಅಂತ ತಿಳ್ಕೋ."

ಅಷ್ಟು ಹೊತ್ತೂ ಅದು ನನಗೆ ಹೊಳೆದಿರಲಿಲ್ಲ. ಸಂಜೆ ಸ್ಕೂಲು ಏಳುತ್ತದೆ. ಒರಳನ್ನು ಕಿತ್ತುಕೊಂಡು ಏಳುತ್ತದೆ. ನಾಳೆ ಬೆಳಿಗ್ಗೆ ಹೊನ್ನಿ ಗಿರಣಿ ಗೋಡೆ ಸವರಿಕೊಂಡು ಬರುತ್ತಾಳೆ, ಅಲ್ಲಿ ಬರಿ ಹೊಂಡ ಇರುತ್ತದೆ. ಅದಾದ ಮೇಲೆ ಅವಳು ಯಾವ ದಾರಿಗೂ ಬರುವುದಿಲ್ಲ. ಸ್ಕೂಲಿಗೂ ಇಲ್ಲ, ಬೀದಿಗೂ ಇಲ್ಲ. ನೀಲಿ ಸೀರೆಯ ಸುರುಳಿ ಕಣ್ಣೆದುರು ಬಂತು. ರೇವಣ್ಣ ಇಬ್ಬರು ಹಮಾಲರನ್ನೂ ಹಾರೆಯನ್ನೂ ತಂದ. ಅವರು ಬೆವರಿಳಿಸಿ ಮೀಟಿದರೂ ಸಿಮೆಂಟು ಕಲ್ಲನ್ನು ಬಿಡಲಿಲ್ಲ, ಎಷ್ಟೋ ವರ್ಷದಿಂದ ಅದೇ ನೆಲದಲ್ಲಿ ಇದ್ದ ಹಾಗೆ ಹಿಡಿದಿತ್ತು. ಹೊನ್ನಿ ಹಾರೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಒರಳಿನ ಮೇಲೆ ಬೋರಲು ಬಿದ್ದಳು. ಅವರು ಹಾರೆ ಕೆಳಗಿಟ್ಟರು. ಇನ್ನೊಂದು ದಿನ ನಿಲ್ಲಿಸಬಹುದಾ ಅಂತ ಹೆಡ್‌ಮಿಸ್ಸನ್ನು ಕೇಳಿದೆ. ನಾನು ಹೇಳಿದರೆ ಕೇಳೋ ಹಾಗಿದ್ರೆ ನಾನು ಇಲ್ಲಿ ಯಾಕಿರ್ತಿದ್ದೆ ಅಂದರು.

ಆಮೇಲೆ ಅವರೇ ತಮ್ಮ ಕಥೆ ಹೇಳಿದರು. ಈ ಸ್ಕೂಲಿಗೆ ಟೀಚರಾಗಿ ಬಂದಾಗ ಅವರಿಗೂ ದಾರಿ ನೆನಪಿರುತ್ತಿರಲಿಲ್ಲವಂತೆ. ದಿನಾ ತಡ, ದಿನಾ ಅಳು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಒಳಗೇ ಉಳಿದುಬಿಟ್ಟರಂತೆ. ಬೆಳಿಗ್ಗೆ ಎದ್ದರೆ ಅದೇ ಬೋರ್ಡು, ಅದೇ ಬೆಂಚು, ಕಿಟಕಿಯ ಆಚೆ ಮಾತ್ರ ಬೇರೆ. ಅಷ್ಟು ನಿರಾಳ ಜೀವನದಲ್ಲಿ ಆಗಿರಲಿಲ್ಲವಂತೆ. ಅವತ್ತಿಂದ ಹೊಸಿಲು ದಾಟಿಲ್ಲ. ಅಡುಗೆ ಕೋಣೆಯಿದೆ, ಅಕ್ಕಿ ಬೇಳೆ ಮಕ್ಕಳ ಕೈಲಿ ತರಿಸುತ್ತಾರೆ. ಇದನ್ನೆಲ್ಲ ಹೇಳಿ, ನನ್ನ ಕಡೆ ನೋಡದೆ, "ಇವಳು ಇಲ್ಲೇ ಇರಲಿ" ಅಂದರು. "ಆದರೆ ಆಗಾಗ ಬಂದು ಹೊರಗೆ ಕರ್ಕೊಂಡು ಹೋಗೋದಾದ್ರೆ ಬೇಡ. ಒಂದು ಸಲ ಆಚೆ ಕಾಲಿಟ್ರೆ ಮತ್ತೆ ಹುಡುಕಬೇಕಾಗುತ್ತೆ. ಅದು ಅವಳ ಕೈಲಿ ಆಗಲ್ಲ." ಅಮ್ಮನೂ ನಾನೂ ಅವಳನ್ನು ನೋಡಬೇಕಾದರೆ, ಸ್ಕೂಲು ಕಣ್ಣಿಗೆ ಬಿದ್ದಾಗ ನಾವೇ ಹುಡುಕಿಕೊಂಡು ಬರಬೇಕಂತೆ. ಹೇಳುವಾಗ ಅವರ ದನಿಯಲ್ಲಿ ಕರುಣೆ ಏನೂ ಇರಲಿಲ್ಲ. ಒಬ್ಬರೇ ಇದ್ದು ಬೇಸತ್ತವರು ಜೊತೆ ಕೇಳುವ ದನಿ ಅದು. ಪರದೆ ಸರಿಸಿ ಬೀದಿ ನೋಡುತ್ತಾ, ನಮ್ಮ ಮನೆ ಹುಣಸೆಮರದ ಬೀದೀಲಿತ್ತು, ಆ ಮರ ಇದೆಯಾ ಅಂತ ಕೇಳಿದರು. ಇದೆ ಅಂದೆ. ಅದನ್ನು ಕಡಿದು ಬಹಳ ಕಾಲವಾಗಿತ್ತು.

ಮನೆಗೆ ಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ನೀನು ರಂಗೋಲಿ ಬಿಡದೇ ಇದ್ದಿದ್ದರೆ ಅಂತಲೂ ಅನ್ನಲಿಲ್ಲ. ಟ್ರಂಕು ತೆಗೆದಳು. ಹೊನ್ನಿಯ ಲಂಗಗಳು, ತೋಳು ಚುಚ್ಚುತ್ತದೆ ಅಂತ ತೋಳನ್ನೇ ಕತ್ತರಿಸಿ ಹೊಲಿದ ಹೊಸ ಯೂನಿಫಾರಂ, ಅವಳ ತಟ್ಟೆ, ಇಷ್ಟನ್ನೂ ದುಪ್ಪಟಿಯಲ್ಲಿ ಸುತ್ತಿದಳು. ಕಟ್ಟಲು ಏನಾದರೂ ಬೇಕಾಯಿತು. ನೀಲಿ ಸುರುಳಿಯನ್ನು ಬಿಚ್ಚಿ ಅದರಿಂದಲೇ ಗಂಟು ಹಾಕಿದಳು, ಗಂಟಿನ ಮೇಲೆ ಗಂಟು. ಇಬ್ಬರೂ ಗಿರಣಿಯ ಕಡೆ ಹೊರಟೆವು. ಗುರುಸಿದ್ದನ ತಾಯಿ ಎದುರಿಗೆ ಸಿಕ್ಕಿ ಗಂಟನ್ನು ನೋಡಿದಳು, ಅದರ ಸೀರೆಯನ್ನು ನೋಡಿದಳು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಬಿಸಿಲು ಇಳಿದಿತ್ತು. ಮಕ್ಕಳೆಲ್ಲ ಹೋಗಿದ್ದರು. ಅಮ್ಮ ಬಾಗಿಲ ತನಕ ಬಂದಳು, ಒಳಗೆ ಬರಲಿಲ್ಲ. ಒಳಗೆ ಬಂದರೆ ಹೊನ್ನಿಯನ್ನು ಎತ್ತಿಕೊಂಡು ಹೋಗಿಬಿಡುತ್ತೇನೆ ಅನ್ನುವ ಭಯ ಅವಳಿಗಿತ್ತೋ ಏನೋ. ಗಂಟನ್ನು ಹೆಡ್‌ಮಿಸ್ಸಿನ ಕೈಗೆ ಕೊಟ್ಟು, "ಆರಿದ ಅನ್ನ ಹಾಕಿ ಮೇಡಂ. ಬಿಸಿ ಹಾಕಬೇಡಿ, ಹಸಿದುಕೊಂಡೇ ನಿಂತಿರ್ತಾಳೆ" ಅಂದಳು. ಆಗಲಿ ಅಂದರು ಅವರು. ತಾವು ಮಾತ್ರ ಬಿಸಿಬಿಸಿಯಾಗಿಯೇ ಊಟ ಮಾಡುವವರು ಅಂತ ಅವರ ಮುಖವೇ ಹೇಳುತ್ತಿತ್ತು.

ನಾನು ಒಳಗೆ ಹೋದೆ. ಕೊನೆಯ ಸಲ ಅಂತ ಕೈಹಿಡಿದು ಎಬ್ಬಿಸಿ ನೋಡಿದೆ. ಹೊನ್ನಿ ಒರಳಿನ ಅಂಚನ್ನು ಬಿಡಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ತನ್ನ ಕೈಮೇಲಿಂದ ಬಿಡಿಸಿ ನನ್ನ ಕಡೆಗೇ ಸರಿಸಿದಳು. ಹಣೆಯ ಮೇಲೆ ಬೆಳಗಿನ ಗಾಯ ಕಪ್ಪಾಗಿತ್ತು. ಅವಳ ಪಕ್ಕ ನೆಲದಲ್ಲಿ ಕೂತೆ. ಹೇಳಬೇಕಾದ ಮಾತು ಯಾವುದೂ ಅವಳಿಗೆ ಬೇಕಾದದ್ದಲ್ಲ. ದಿನಾ ಬರುತ್ತೇನೆ ಅಂತ ಹೇಳುವ ಹಾಗಿರಲಿಲ್ಲ. ಗುಳಿಯಲ್ಲಿ ಸುತ್ತುತ್ತಿದ್ದ ಅವಳ ಕೈಮೇಲೆ ಕೈಯಿಡದೆ, ಕಲ್ಲಿನ ಅಂಚಿಗೆ ಮಾತ್ರ ಬೆರಳು ತಾಗಿಸಿ, ಶುರು ಮಾಡಿದೆ. ಬೆಟ್ಟಗಳಿಗಿನ್ನೂ ಯಾರೂ ಹೆಸರಿಟ್ಟಿರದ ಕಾಲದಲ್ಲಿ ಒಂದೂರಿನ ಒಂದು ಮನೆಗೆ ಕಾಲು ಬಂತಂತೆ.

"ಹೂಂ" ಅಂದಳು ಹೊನ್ನಿ.

ಅಜ್ಜಿ ಸತ್ತ ಮೇಲೆ ಮೊದಲ ಸಲ. ಕಥೆ ನಿಲ್ಲಿಸುವಂತಿರಲಿಲ್ಲ. ಒಳಗಿದ್ದವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲವಂತೆ ಅಂದೆ. ಹೂಂ. ಒಲೆಯ ಮೇಲಿನ ಹಾಲು ಕೂಡ ತುಳುಕುತ್ತಿರಲಿಲ್ಲವಂತೆ. ಹೂಂ. ದಾರಿ ತಪ್ಪಿದ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳಂತೆ. ಹೂಂ. ಒಳಗೆ ಹೋಗಿ ಕೂತಳಂತೆ.

"ಹೂಂ."

ಅದು ಒಪ್ಪಿಗೆಯೋ, ಬರಿ ರೂಢಿಯೋ ನನಗೆ ಗೊತ್ತಿಲ್ಲ. ಯಾವತ್ತಿಗೂ ಗೊತ್ತಾಗುವುದಿಲ್ಲ. ಅವಳು ಕಥೆ ಮುಂದುವರಿಯಲಿ ಅಂತ ಕಾಯುವವಳ ಹಾಗೆ ಒರಳನ್ನೇ ನೋಡುತ್ತಾ ಕೈ ತಿರುಗಿಸುತ್ತಿದ್ದಳು. ನನ್ನಲ್ಲಿ ಅದಕ್ಕಿಂತ ಮುಂದಿನ ಕಥೆ ಇರಲಿಲ್ಲ. ಹೆಡ್‌ಮಿಸ್ಸು ಬಾಗಿಲಲ್ಲಿ ನಿಂತು ದೀಪ ಹಚ್ಚುವ ಹೊತ್ತಾಯಿತು ಅಂದರು. ನಾನು ಎದ್ದೆ. ಹೊಸಿಲಿನ ಹತ್ತಿರ ತಿರುಗಿ ನೋಡಿದೆ, ಅವಳು ನೋಡಲಿಲ್ಲ.

ನಾನು ಕಾಲು ಕೆಳಗಿಟ್ಟದ್ದೇ ತಡ, ಕಲ್ಲಿನ ಗೋಡೆಗಳು ಮೈ ಕೊಡವಿದವು. ಮಣ್ಣು ಕಿತ್ತುಕೊಳ್ಳುವ ಸದ್ದಾಯಿತು. ಸ್ಕೂಲು ಎದ್ದಿತು. ಗಿರಣಿಯ ಹೆಂಚು ದಾಟಿ, ಕರೆಂಟು ತಂತಿ ದಾಟಿ, ಬೆಟ್ಟಗಳ ಕಡೆ ಮುಖ ಮಾಡಿ ಹೊರಟಿತು. ಒಂದು ಕಿಟಕಿಯಲ್ಲಿ ದೀಪ ಹೊತ್ತಿತು, ಅದು ಸ್ವಲ್ಪವೂ ಅಲುಗಾಡಲಿಲ್ಲ. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಆ ಬೆಳಕು ಕಾಣುವಷ್ಟು ದೂರ ಓಡಿದಳು. ಅವಳ ಮಂಡಿ ನೋವು ಅವತ್ತಿಗೆ ಎಲ್ಲಿ ಹೋಗಿತ್ತೋ. ನಾನು ಓಡಲಿಲ್ಲ. ಒರಳಿದ್ದ ಕಡೆ ಮಣ್ಣಿನ ಹೊಂಡ, ಅದರ ಸುತ್ತ ಅಲ್ಲಲ್ಲಿ ಉಳಿದ ಎಸಳುಗಳು. ಹೊಂಡದ ಅಂಚಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗೆ ಕೈಯಿಟ್ಟೆ. ಮಣ್ಣು ಇನ್ನೂ ತಣ್ಣಗಿತ್ತು.

ಅಜ್ಜೀ, ಕೂರಿಸಿದೆ.